ಇಬ್ಬರೂ ಒಟ್ಟಿಗೆ ಹೊಡೆದರೆ ಏಟು ಯಾರದ್ದು? ಫೈಟಿಂಗ್ ಗೇಮ್ ಜಗಳ ಬಗೆಹರಿಸೋ ದಾರಿ

ದಾವಣಗೆರೆಯ ಯಾವ ಗೇಮಿಂಗ್ ಕೆಫೆಗೆ ಹೋದರೂ ಈ ಜಗಳ ಒಂದಲ್ಲ ಒಂದು ದಿನ ಕಿವಿಗೆ ಬೀಳುತ್ತದೆ. ಇಬ್ಬರು ಹುಡುಗರು, ಒಂದೇ ಟಿವಿ, ಪರದೆ ಮೇಲೆ ಸ್ಟ್ರೀಟ್ ಫೈಟರ್ ಆಟದ ರ್ಯೂ ಮತ್ತು ಕೆನ್. ಇಬ್ಬರೂ ಒಟ್ಟಿಗೆ ಏಟು ಬಿಟ್ಟರು, ಒಬ್ಬ ಬಿದ್ದ. "ನಾನ್ ಮೊದ್ಲು ಒತ್ತಿದ್ದೆ ಕಣಲೇ, ನಿಂದ್ ಹೆಂಗ್ ಬಿತ್ತು?" "ನಂದು ದೊಡ್ಡ ಕಿಕ್ಕಲೇ, ಅದಕ್ಕೇ ಬಿತ್ತು." ಸೋತವನು ಮಂಡಕ್ಕಿ-ಮಿರ್ಚಿ ಕೊಡಿಸಬೇಕು ಅಂತ ಮೊದಲೇ ಮಾತಾಗಿದ್ದರೆ ಮುಗೀತು, ಪಕ್ಕದ ಟಿವಿಯವರೂ ಆಟ ಬಿಟ್ಟು ಪಂಚಾಯ್ತಿಗೆ ಬರುತ್ತಾರೆ.

ಇಬ್ಬರ ಮಾತೂ ತಪ್ಪು. ಬಟನ್ ಮೊದಲು ಒತ್ತಿದ್ದು ಯಾರು ಅಂತ ಆಟ ಕೇಳುವುದೇ ಇಲ್ಲ. ಕಿಕ್ ದೊಡ್ಡದೋ ಚಿಕ್ಕದೋ ಅಂತ ಬಹಳಷ್ಟು ಆಟಗಳು ಕೇಳುವುದಿಲ್ಲ. ಯಾರ ಏಟು ಮೊದಲು ತಾಗಿತು ಅಂತ ಮಾತ್ರ ನೋಡುತ್ತವೆ. ಎರಡೂ ಒಂದೇ ಗಳಿಗೆಯಲ್ಲಿ ತಾಗಿದರೆ ಏನು ಮಾಡಬೇಕು ಅಂತ ಆಟ ಮಾಡಿದವರು ಒಂದು ನಿಯಮ ಬರೆದಿಟ್ಟಿರುತ್ತಾರೆ, ಅದು ಆಟದಿಂದ ಆಟಕ್ಕೆ ಬೇರೆ. ಆ ನಿಯಮವನ್ನು ನೀವೇ ಕೂತು ಕಂಡುಹಿಡಿಯಬಹುದು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಫ್ರೇಮ್ ಲೆಕ್ಕ ಕಲಿಯಿರಿ

ಹೆಚ್ಚಿನ ಫೈಟಿಂಗ್ ಗೇಮ್‌ಗಳು ಸೆಕೆಂಡಿಗೆ 60 ಫ್ರೇಮ್ ಲೆಕ್ಕದಲ್ಲಿ ಓಡುತ್ತವೆ. ಅಂದರೆ ಒಂದು ಫ್ರೇಮ್ ಸುಮಾರು 16.7 ಮಿಲಿಸೆಕೆಂಡ್. ಆಟಕ್ಕೆ ಇದಕ್ಕಿಂತ ಸಣ್ಣ ಗಳಿಗೆ ಗೊತ್ತಿಲ್ಲ. ನೀವು ಎದುರಾಳಿಗಿಂತ 5 ಮಿಲಿಸೆಕೆಂಡ್ ಮೊದಲು ಒತ್ತಿದ್ದರೂ ಎರಡೂ ಒಂದೇ ಫ್ರೇಮಿನೊಳಗೆ ಬಿದ್ದರೆ ಆಟದ ಪಾಲಿಗೆ ಇಬ್ಬರೂ ಒಟ್ಟಿಗೇ ಒತ್ತಿದ ಹಾಗೆ.

ಪ್ರತಿ ಏಟಿಗೂ ಮೂರು ಭಾಗ ಇರುತ್ತದೆ. ಕೈ ಎತ್ತುವ ಹೊತ್ತು ಸ್ಟಾರ್ಟಪ್. ಏಟು ನಿಜವಾಗಿ ತಾಗಬಲ್ಲ ಹೊತ್ತು ಆ್ಯಕ್ಟಿವ್. ಕೈ ವಾಪಸ್ ಎಳೆದುಕೊಳ್ಳುವ ಹೊತ್ತು ರಿಕವರಿ. ಸ್ಟಾರ್ಟಪ್‌ನಲ್ಲಿ ಇರುವಾಗ ನಿಮಗೆ ಏಟು ಬಿದ್ದರೆ ನಿಮ್ಮ ಏಟು ಅಲ್ಲೇ ಸತ್ತಂತೆ. ಅದೆಷ್ಟೇ ದೊಡ್ಡ ಕಿಕ್ ಆಗಿದ್ದರೂ ಅದು ಹುಟ್ಟುವುದೇ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಸ್ಟ್ರೀಟ್ ಫೈಟರ್ 6 ಹಿಡಿದುಕೊಳ್ಳಿ, 2023ರದು. ಅದರಲ್ಲಿ ರ್ಯೂನ ಕೂತು ಹೊಡೆಯುವ ಲೈಟ್ ಪಂಚ್ 4 ಫ್ರೇಮಿನದು, ಅಂದರೆ ಒತ್ತಿದ ನಾಲ್ಕನೇ ಫ್ರೇಮಿನಲ್ಲಿ ತಾಗುತ್ತದೆ. ಕೂತು ಹೊಡೆಯುವ ಮೀಡಿಯಂ ಪಂಚ್ 6 ಫ್ರೇಮಿನದು. ಇಬ್ಬರೂ ರ್ಯೂ ತಗೊಂಡು ಹತ್ತಿರ ನಿಂತಿದ್ದಾರೆ ಅಂದುಕೊಳ್ಳಿ. ಒಟ್ಟಿಗೆ ಒತ್ತಿದರೆ ಲೈಟ್ ಪಂಚ್ ಗೆಲ್ಲುತ್ತದೆ, ಅದು 4ರಲ್ಲಿ ತಾಗಿತು, ಇನ್ನೊಂದು 6ಕ್ಕೆ ಕಾಯುತ್ತಿತ್ತು. ಮೀಡಿಯಂ ಪಂಚಿನವನು ಒಂದು ಫ್ರೇಮ್ ಮೊದಲು ಒತ್ತಿದ್ದರೂ ಸೋಲು ಅವನದೇ: ಅವನ ಏಟು 6ರಲ್ಲಿ, ಲೈಟ್ ಪಂಚ್ 5ರಲ್ಲಿ. ಇದೇ ನೋಡಿ, "ನಾನ್ ಮೊದ್ಲು ಒತ್ತಿದ್ದೆ" ಅನ್ನುವವನ ಕಥೆ. ಅವನು ನಿಜವಾಗಿಯೂ ಮೊದಲು ಒತ್ತಿದ್ದ, ಸುಳ್ಳು ಹೇಳುತ್ತಿಲ್ಲ, ಆದರೂ ಸೋತ. ಎರಡು ಫ್ರೇಮ್ ಮೊದಲು ಒತ್ತಿದ್ದರೆ ಎರಡೂ ಆರನೇ ಫ್ರೇಮಿನಲ್ಲೇ ತಾಗುತ್ತವೆ, ಇಬ್ಬರಿಗೂ ಏಟು. ಇದಕ್ಕೇ ಟ್ರೇಡ್ ಅನ್ನುತ್ತಾರೆ. ಮೂರು ಫ್ರೇಮ್ ಮೊದಲು ಒತ್ತಿದ್ದರೆ ಮೀಡಿಯಂ ಪಂಚ್ ಗೆದ್ದಿತು.

ಗೆಲುವಿಗೂ ಸೋಲಿಗೂ ನಡುವೆ ಇರುವುದು ಎರಡೇ ಫ್ರೇಮ್, ಸೆಕೆಂಡಿನ ಮೂವತ್ತರಲ್ಲಿ ಒಂದು ಭಾಗ. ಕಣ್ಣಲ್ಲಿ ನೋಡಿ ತೀರ್ಪು ಹೇಳುವುದು ಯಾರಿಂದಲೂ ಆಗದ ಕೆಲಸ. ಪಂಚಾಯ್ತಿಗೆ ಬಂದ ಪಕ್ಕದ ಟಿವಿಯವರಿಂದಂತೂ ಮೊದಲೇ ಆಗಲ್ಲ.

ಪ್ಲಸ್-ಮೈನಸ್ ಅನ್ನುವುದೂ ಇದೇ ಲೆಕ್ಕ. ನಿಮ್ಮ ಏಟನ್ನು ಅವನು ಬ್ಲಾಕ್ ಮಾಡಿದ, ಆ ಏಟು ಬ್ಲಾಕ್ ಆದಾಗ ಮೈನಸ್ 2 ಅಂತಿಟ್ಟುಕೊಳ್ಳಿ. ಅವನು ನಿಮಗಿಂತ ಎರಡು ಫ್ರೇಮ್ ಮೊದಲೇ ಬಿಡುಗಡೆಯಾದ. ಈಗ ಇಬ್ಬರೂ ಆದಷ್ಟು ಬೇಗ 4 ಫ್ರೇಮಿನ ಪಂಚ್ ಬಿಟ್ಟರೆ ಅವನದೇ ಬೀಳುತ್ತದೆ. ಅವನು ಆಸೆಬಿದ್ದು 6 ಫ್ರೇಮಿನ ಮೀಡಿಯಂ ಬಿಟ್ಟರೆ ಟ್ರೇಡ್. ಅವನು 8 ಫ್ರೇಮಿನ ಕಾಲು ಬೀಸಿದರೆ ನಿಮ್ಮ ಪುಟ್ಟ ಪಂಚ್ ಅವನನ್ನು ಕೈ ಎತ್ತುವ ಮೊದಲೇ ಹಿಡಿಯುತ್ತದೆ. ಹಾಗೆ ಸ್ಟಾರ್ಟಪ್‌ನಲ್ಲಿ ಸಿಕ್ಕಿಬಿದ್ದವನಿಗೆ ಕೌಂಟರ್ ಹಿಟ್. ಸ್ಟ್ರೀಟ್ ಫೈಟರ್ 6ರಲ್ಲಿ ಕೌಂಟರ್ ಹಿಟ್ ಆದರೆ ಶೇ. 20 ಜಾಸ್ತಿ ಡ್ಯಾಮೇಜು, ಮೇಲೆ ಎರಡು ಫ್ರೇಮ್ ಲಾಭ. ರಿಕವರಿಯಲ್ಲಿ ಸಿಕ್ಕಿಬಿದ್ದರೆ ಪನಿಶ್ ಕೌಂಟರ್, ಅಲ್ಲಿ ಲಾಭ ನಾಲ್ಕು ಫ್ರೇಮ್.

ಆಮೇಲೆ ಡಬ್ಬಿಗಳನ್ನು ನೋಡಿ

ಫ್ರೇಮ್ ಒಂದೇ ಸಾಕಾಗುವುದಿಲ್ಲ. ಬೇಗ ಹುಟ್ಟಿದ ಏಟು ಎದುರಾಳಿಯ ಮೈವರೆಗೆ ಮುಟ್ಟಬೇಕಲ್ವಾ?

ಪರದೆ ಮೇಲೆ ಕಾಣುವ ಚಿತ್ರ ಬರೀ ಅಲಂಕಾರ. ಒಳಗೆ ಆಟ ನೋಡುವುದು ಚೌಕಾಕಾರದ ಡಬ್ಬಿಗಳನ್ನು. ಹೊಡೆಯುವ ಡಬ್ಬಿ ಹಿಟ್‌ಬಾಕ್ಸ್, ಏಟು ತಿನ್ನುವ ಡಬ್ಬಿ ಹರ್ಟ್‌ಬಾಕ್ಸ್. ನಿಮ್ಮ ಹಿಟ್‌ಬಾಕ್ಸ್ ಅವನ ಹರ್ಟ್‌ಬಾಕ್ಸಿಗೆ ತಾಗಿದರೆ ಏಟು ಬಿತ್ತು. ಅಷ್ಟೇ. ತಲೆ ಮೇಲೆ ಕಾಲು ಹಾದುಹೋದಂತೆ ಕಂಡರೂ ಡಬ್ಬಿ ತಾಗದಿದ್ದರೆ ಇಲ್ಲ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ನೀವು ಕೈ ಚಾಚಿದಾಗ ನಿಮ್ಮ ಹರ್ಟ್‌ಬಾಕ್ಸ್ ಕೂಡ ಕೈ ಜೊತೆ ಮುಂದಕ್ಕೆ ಹೋಗುತ್ತದೆ. ಎಷ್ಟೋ ಏಟುಗಳಲ್ಲಿ ಅದು ಹಿಟ್‌ಬಾಕ್ಸ್ ಹುಟ್ಟುವ ಮೊದಲೇ ಮುಂದೆ ಬಂದು ನಿಂತಿರುತ್ತದೆ. ಉದ್ದ ಕಾಲು ಬೀಸುವವನ ಪಾದಕ್ಕೇ ಎದುರಿನವನು ಪುಟ್ಟ ಪಂಚ್ ಇಟ್ಟು ಕೆಡವುವುದು ಈ ಕಾರಣಕ್ಕೆ. ಕತ್ತಿ ಹಿಡಿದ ಪಾತ್ರಗಳ ವಿಷಯ ಬೇರೆ. ಕತ್ತಿಗೆ ಹರ್ಟ್‌ಬಾಕ್ಸ್ ಇಲ್ಲದ ಆಟಗಳಲ್ಲಿ ಅವರು ತಮ್ಮ ಮೈ ಹಿಂದೆ ಇಟ್ಟುಕೊಂಡೇ ಮುಂದಿನವನಿಗೆ ಹೊಡೆಯಬಹುದು. "ಆ ಏಟಿಗೆ ಪವರ್ ಜಾಸ್ತಿ, ಎಲ್ಲವನ್ನೂ ಮುರೀತದೆ" ಅಂತ ಕೆಫೆಯಲ್ಲಿ ಹೇಳುತ್ತಾರಲ್ಲ, ಹತ್ತರಲ್ಲಿ ಒಂಬತ್ತು ಸಲ ಅದರ ಗುಟ್ಟು ಇಷ್ಟೇ: ಹಿಟ್‌ಬಾಕ್ಸ್ ಮುಂದಿದೆ, ಹರ್ಟ್‌ಬಾಕ್ಸ್ ಹಿಂದಿದೆ.

ಮೇಲಿಂದ ಹಾರಿ ಬರುವವನನ್ನು ನೆಲದಿಂದ ಹೊಡೆಯುವ ಅಪ್ಪರ್‌ಕಟ್ ಕೂಡ ಹಾಗೇ. ತಲೆ ಭಾಗದ ಡಬ್ಬಿ ಕೆಳಗೆ ಸರಿದಿರುತ್ತದೆ, ಹೊಡೆಯುವ ಡಬ್ಬಿ ಮೇಲಕ್ಕೆ ಎದ್ದಿರುತ್ತದೆ.

ಟೆಕ್ಕನ್ ಆಡುವವರು ಇದನ್ನೇ ಇನ್ನೊಂದು ರೀತಿ ನೋಡಬೇಕು. ಅಲ್ಲಿ ಏಟುಗಳು ಹೈ, ಮಿಡ್, ಲೋ ಅಂತ ಭಾಗವಾಗಿವೆ. ಟೆಕ್ಕನ್ 8ರಲ್ಲಿ ನಿಂತು ಹೊಡೆಯುವ ಜ್ಯಾಬ್ 10 ಫ್ರೇಮಿನದು, ಸಖತ್ ಬೇಗ. ಆದರೆ ಅದು ಹೈ. ಎದುರಿನವನು ಅದೇ ಹೊತ್ತಿಗೆ ಕೂತು ಹೊಡೆಯುವ ಏಟು ಬಿಟ್ಟಿದ್ದರೆ ನಿಮ್ಮ ಜ್ಯಾಬ್ ತಲೆ ಮೇಲಿಂದ ಗಾಳಿಗೆ ಹೋಗುತ್ತದೆ, ಅವನದು ನಿಧಾನವಾಗಿ ಬಂದು ನಿಮಗೆ ಬೀಳುತ್ತದೆ. ಹಾಗೇ ನೀವು ಕಾಲಿಗೆ ಲೋ ಹೊಡೆಯಲು ಹೋದಾಗ ಅವನು ಹಾಪ್‌ಕಿಕ್‌ನಲ್ಲಿ ಮೇಲೆದ್ದಿದ್ದರೆ ನಿಮ್ಮ ಲೋ ಅವನ ಕೆಳಗಿಂದ ಹೋಯಿತು, ಅವನ ಕಾಲು ನಿಮ್ಮ ಗದ್ದಕ್ಕೆ. ಟೆಕ್ಕನ್‌ನಲ್ಲಿ ಸೋತವರು "ನಂದು ಫಾಸ್ಟ್ ಇತ್ತು" ಅಂತ ಬೇಜಾರು ಮಾಡಿಕೊಳ್ಳುವುದು ಬಹುಪಾಲು ಇಲ್ಲೇ.

ಈಗ ಪ್ರಶ್ನೆಗಳನ್ನು ಸಾಲಾಗಿ ಕೇಳಿ

ಜಗಳ ಬಂದಾಗ ಇದೇ ಕ್ರಮದಲ್ಲಿ ಕೇಳಿಕೊಂಡು ಹೋಗಿ. ಕ್ರಮ ತಪ್ಪಿಸಬೇಡಿ, ಮೊದಲ ಪ್ರಶ್ನೆಗೆ ಹೌದು ಅಂತ ಬಂದರೆ ಉಳಿದದ್ದು ಬೇಕಾಗುವುದೇ ಇಲ್ಲ.

ಒಂದು, ಯಾರಾದರೂ ಆ ಹೊತ್ತಿಗೆ ಏಟು ತಾಗದ ಸ್ಥಿತಿಯಲ್ಲಿ ಇದ್ದರಾ? ಸ್ಟ್ರೀಟ್ ಫೈಟರ್ 6ರಲ್ಲಿ ಎರಡು ಪಂಚ್ ಒಟ್ಟಿಗೆ ಒತ್ತಿ ಬಿಡುವ ಓವರ್‌ಡ್ರೈವ್ ಶೋರ್ಯುಕೆನ್ (ರ್ಯೂನ ಅಪ್ಪರ್‌ಕಟ್‌ನ ಜೋರಿನ ರೂಪ) ಶುರುವಿನಲ್ಲಿ ಯಾವ ಏಟನ್ನೂ ಮೈಗೆ ತಗೊಳ್ಳುವುದಿಲ್ಲ. ಫ್ರೇಮ್ ಲೆಕ್ಕ ಹಾಕುತ್ತಾ ಕೂರುವುದು ದಂಡ.

ಎರಡು, ಯಾರಿಗಾದರೂ ಆರ್ಮರ್ ಇತ್ತಾ? ಆರ್ಮರ್ ಅಂದರೆ ಏಟು ತಾಗುತ್ತದೆ, ಆದರೆ ಅವನ ಏಟು ನಿಲ್ಲುವುದಿಲ್ಲ. ಇದರ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು, ಯಾಕೆಂದರೆ ಈಗಿನ ಕೆಫೆ ಜಗಳದಲ್ಲಿ ಅರ್ಧ ಇದರದ್ದೇ. ಸ್ಟ್ರೀಟ್ ಫೈಟರ್ 6ರ ಡ್ರೈವ್ ಇಂಪ್ಯಾಕ್ಟ್ 26 ಫ್ರೇಮಿನದು, ಬಹಳ ನಿಧಾನ, ಆದರೆ ಎರಡು ಏಟು ನುಂಗಿಕೊಳ್ಳುತ್ತದೆ. ಮೂರನೇ ಏಟು ತಾಗಿದರೆ ಒಡೆಯುತ್ತದೆ. ಥ್ರೋ ಮಾಡಿದರೆ, ಅಂದರೆ ಹಿಡಿದು ಎಸೆದರೆ, ಆರ್ಮರ್ ಲೆಕ್ಕಕ್ಕೇ ಇಲ್ಲ. ಈಗ ಅವನು ಡ್ರೈವ್ ಇಂಪ್ಯಾಕ್ಟ್ ಬಿಟ್ಟ, ನೀವು ನೋಡಿ ಸ್ವಲ್ಪ ತಡವಾಗಿ ನಿಮ್ಮದನ್ನೂ ಬಿಟ್ಟಿರಿ. ಯಾರದ್ದು ಗೆಲ್ಲುತ್ತದೆ? ತಡವಾಗಿ ಬಿಟ್ಟವರದ್ದು! ಅವನ ಏಟು ಮೊದಲು ಬಂತು, ನಿಮ್ಮ ಆರ್ಮರ್ ಅದನ್ನು ನುಂಗಿತು, ಅವನು ಕೈ ಎಳೆದುಕೊಳ್ಳುತ್ತಿರುವಾಗ ನಿಮ್ಮದು ಬಂದು ಬಿತ್ತು. ಮೊದಲು ಒತ್ತುವುದೇ ನಷ್ಟ ಆಗುವ ಜಾಗ ಇದು. 26 ಫ್ರೇಮ್ ಅಂದರೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಕಡಿಮೆ, ಕಣ್ಣಿಟ್ಟು ಕಾಯುತ್ತಿದ್ದರೆ ಉತ್ತರ ಕೊಡಲು ಸಾಕು. ಟೆಕ್ಕನ್‌ನ ಪವರ್ ಕ್ರಷ್ ಕೂಡ ಇದೇ ಜಾತಿ, ಹೈ-ಮಿಡ್ ಏಟು ನುಂಗುತ್ತದೆ, ಲೋ ಹೊಡೆದರೆ ಅಥವಾ ಥ್ರೋ ಮಾಡಿದರೆ ನಿಲ್ಲುತ್ತದೆ.

ಮೂರು, ಯಾರ ಹಿಟ್‌ಬಾಕ್ಸ್ ಮೊದಲು ತಾಗಿತು? ಒಂದು ಫ್ರೇಮ್ ಹಿಂದೆ ಮುಂದೆ ಇದ್ದರೂ ಸಾಕು, ಮೊದಲು ತಾಗಿದ್ದೇ ಗೆದ್ದಿತು. ಬಹುಪಾಲು ಜಗಳ ಇಲ್ಲಿಗೇ ಮುಗಿಯುತ್ತದೆ.

ನಾಲ್ಕು, ಎರಡೂ ಒಂದೇ ಫ್ರೇಮಿನಲ್ಲಿ ತಾಗಿತಾ? ಹಾಗಿದ್ದರೆ ಆ ಆಟದ ನಿಯಮ ಏನು ಅಂತ ನೋಡಬೇಕು.

ಒಂದೇ ಫ್ರೇಮ್ ಆದಾಗ ಯಾವ ಆಟ ಏನು ಮಾಡುತ್ತದೆ

ಸಾಮಾನ್ಯ ನಿಯಮ ಟ್ರೇಡ್. ಇಬ್ಬರಿಗೂ ಏಟು, ಇಬ್ಬರಿಗೂ ಡ್ಯಾಮೇಜು. ಆಟ ಮೊದಲು ಎರಡೂ ಕಡೆಯ ಡಬ್ಬಿ ನೋಡಿಕೊಂಡು, ಆಮೇಲೆ ಒಟ್ಟಿಗೆ ಫಲ ಕೊಡುತ್ತದೆ. ಹಾಗೆ ಮಾಡದೆ ಮೊದಲ ಆಟಗಾರನನ್ನು ನೋಡಿ ಮುಗಿಸಿ ಆಮೇಲೆ ಎರಡನೆಯವನನ್ನು ನೋಡಿದರೆ ಕಂಟ್ರೋಲರ್ ಯಾವ ಪೋರ್ಟಿಗೆ ಚುಚ್ಚಿದ್ದೀರಿ ಅನ್ನುವುದರ ಮೇಲೆ ಗೆಲುವು ನಿಂತುಬಿಡುತ್ತದೆ. ಇದು ತಮಾಷೆಗೆ ಹೇಳಿದ್ದಲ್ಲ. 2001ರ ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀಯಲ್ಲಿ ಇಬ್ಬರೂ ಒಂದೇ ಫ್ರೇಮಿನಲ್ಲಿ ಹಿಡಿಯಲು ಹೋದರೆ ಪೋರ್ಟ್ ನೋಡಿಯೇ ತೀರ್ಮಾನ ಆಗುತ್ತದೆ.

2016ರ ಸ್ಟ್ರೀಟ್ ಫೈಟರ್ 5 ಬೇರೆ ದಾರಿ ಹಿಡಿಯಿತು. ಅಲ್ಲಿ ನೆಲದ ಮೇಲಿನ ಸಾಮಾನ್ಯ ಏಟುಗಳು ಒಂದೇ ಫ್ರೇಮಿನಲ್ಲಿ ತಾಗಿದರೆ ಹೆವಿ ಮೀಡಿಯಂ ಅನ್ನು ಸೋಲಿಸುತ್ತದೆ, ಮೀಡಿಯಂ ಲೈಟ್ ಅನ್ನು ಸೋಲಿಸುತ್ತದೆ. ಒಂದೇ ತೂಕದವು ಆದರೆ ಮಾತ್ರ ಟ್ರೇಡ್. ಹಾಗಾಗಿ "ನಂದು ದೊಡ್ಡ ಕಿಕ್ಕಲೇ" ಅಂದವನು ಸ್ಟ್ರೀಟ್ ಫೈಟರ್ 5 ಆಡುತ್ತಿದ್ದರೆ, ಅದೂ ಫ್ರೇಮ್ ಸರಿಸಮ ಆಗಿದ್ದರೆ, ಅವನ ಮಾತು ಸರಿ. ನನಗೆ ಕೇಳಿದರೆ ಇದು ಅಷ್ಟು ಒಳ್ಳೆ ನಿಯಮ ಅಲ್ಲ. ಹೆವಿ ಏಟು ಬಿಟ್ಟವನು ನಿಧಾನದ ಅಪಾಯ ತಗೊಂಡಿದ್ದಾನೆ, ಅವನಿಗೆ ಏನಾದರೂ ಸಿಗಬೇಕು ಅನ್ನುವ ವಾದ ಇದೆ, ಒಪ್ಪೋಣ. ಆದರೆ ಪುಟ್ಟ ಪಂಚಿಗೆ ಇರುವ ಒಂದೇ ಬಂಡವಾಳ ವೇಗ, ಅದರ ಬೆಲೆಯನ್ನೂ ಅರ್ಧ ಇಳಿಸಿದ ಹಾಗಾಯಿತು.

ಇನ್ನು ಕೆಲವು ಆಟಗಳಲ್ಲಿ ಹಿಟ್‌ಬಾಕ್ಸಿಗೆ ಹಿಟ್‌ಬಾಕ್ಸೇ ಡಿಕ್ಕಿ ಹೊಡೆಯುತ್ತದೆ, ಮೈಗೆ ಏಟು ಬೀಳುವ ಮೊದಲೇ. ಇದೇ ಕ್ಲ್ಯಾಶ್. ನಮ್ಮ ಕಡೆ ಟಗರು ಕಾಳಗ ನೋಡಿದವರಿಗೆ ಬೇಗ ಅರ್ಥ ಆಗುತ್ತದೆ, ಕೊಂಬಿಗೆ ಕೊಂಬು ಬಡಿದು ಎರಡೂ ಹಿಂದೆ ಸರಿಯುತ್ತವಲ್ಲ, ಯಾವುದಕ್ಕೂ ಪೆಟ್ಟಿಲ್ಲ, ಮುಂದಿನ ಓಟ ಯಾವುದು ಬೇಗ ತೆಗೆಯುತ್ತದೋ ಅದರ ಮೇಲೆ ಆಟ.

ಗಿಲ್ಟಿ ಗಿಯರ್ ಸರಣಿಯಲ್ಲಿ ಹೀಗೇ. ಕ್ಲ್ಯಾಶ್ ಆದ ತಕ್ಷಣ ಇಬ್ಬರೂ ತಮ್ಮ ಏಟನ್ನು ಮುರಿದು ಇನ್ನೊಂದು ಏಟಿಗೆ ಹೋಗಬಹುದು. ಹೊಸಬರು ಇಲ್ಲಿ ಸುಮ್ನೆ ಬೆರಗಾಗಿ ನಿಲ್ಲುತ್ತಾರೆ, ಹಳಬರು ಅಷ್ಟರಲ್ಲಿ ಮುಂದಿನ ಬಟನ್ ಒತ್ತಿ ಮುಗಿಸಿರುತ್ತಾರೆ. ಗಿಲ್ಟಿ ಗಿಯರ್ ಎಕ್ಸರ್ಡ್‌ನಲ್ಲಿ ಕೆಲವು ಕ್ಲ್ಯಾಶ್ ಆದ ಮೇಲೆ ಡೇಂಜರ್ ಟೈಮ್ ಅಂತ ಶುರುವಾಗುತ್ತದೆ. ಆಟ ಒಂದು ಕ್ಷಣ ನಿಂತು ಎಣಿಕೆ ನಡೆದು, ಆಮೇಲೆ ಯಾರು ಹೊಡೆದರೂ ಭಾರೀ ಪೆಟ್ಟು. ಬೇಕು ಅಂತ ತರಿಸಲು ಬರುವುದಿಲ್ಲ, ಬಂದಾಗ ಎದೆ ಹೊಡೆದುಕೊಳ್ಳುತ್ತದೆ.

ಸ್ಮ್ಯಾಶ್ ಬ್ರದರ್ಸ್‌ನ ನಿಯಮ ಲೆಕ್ಕದ ಮೇಷ್ಟ್ರು ಬರೆದ ಹಾಗಿದೆ. ನೆಲದ ಮೇಲಿನ ಎರಡು ಏಟುಗಳ ಹಿಟ್‌ಬಾಕ್ಸ್ ಡಿಕ್ಕಿಯಾದರೆ ಎರಡರ ಡ್ಯಾಮೇಜ್ ಹೋಲಿಸುತ್ತದೆ. ವ್ಯತ್ಯಾಸ 9ಕ್ಕಿಂತ ಜಾಸ್ತಿ ಇದ್ದರೆ ಬಲವಾದದ್ದು ಮುಂದೆ ನುಗ್ಗುತ್ತದೆ, ದುರ್ಬಲವಾದದ್ದು ರದ್ದು. ಹತ್ತಿರ ಹತ್ತಿರ ಇದ್ದರೆ ಎರಡೂ ರದ್ದು. 15ರ ಏಟು 5ರ ಏಟನ್ನು ಮುರಿಯುತ್ತದೆ. 12ರದ್ದಕ್ಕೆ 5ರದ್ದು ಎದುರಾದರೆ ಇಬ್ಬರೂ ಹಿಂದಕ್ಕೆ. ಗಾಳಿಯಲ್ಲಿ ಹೊಡೆಯುವ ಏಟುಗಳಿಗೆ ಈ ನಿಯಮ ಇಲ್ಲ, ಅವು ಒಂದರೊಳಗೊಂದು ಹಾದುಹೋಗಿ ಇಬ್ಬರಿಗೂ ತಾಗಬಹುದು. ಯಾವ ಏಟಿಗೂ ಡಿಕ್ಕಿಯಾಗದೆ ತೂರಿ ಹೋಗುವ ಕೆಲವು ವಿಶೇಷ ಏಟುಗಳೂ ಇವೆ.

ಡಿಕ್ಕಿಯನ್ನೇ ಒಂದು ಆಟದೊಳಗಿನ ಆಟ ಮಾಡಿದವರೂ ಇದ್ದಾರೆ. 1993ರ ಸಮುರಾಯ್ ಶೋಡೌನ್‌ನಲ್ಲಿ ಕತ್ತಿಗೆ ಕತ್ತಿ ಸಿಕ್ಕಿಕೊಂಡರೆ ಇಬ್ಬರೂ ಬಟನ್ ಬಡಿಯಬೇಕು, ಸೋತವನ ಕತ್ತಿ ಕೈಬಿಟ್ಟು ಹಾರಿಹೋಗುತ್ತದೆ. 2018ರ ಸೋಲ್‌ಕ್ಯಾಲಿಬರ್ 6ರಲ್ಲಿ ರಿವರ್ಸಲ್ ಎಡ್ಜ್ ಅನ್ನುವ ಏಟು ತಾಗಿದಾಗ ಆಟ ನಿಧಾನವಾಗಿ, ಇಬ್ಬರೂ ಒಂದೊಂದು ಬಟನ್ ಆರಿಸಿ ಒಬ್ಬರನ್ನೊಬ್ಬರು ಊಹಿಸಬೇಕು. 2013ರ ಇನ್‌ಜಸ್ಟಿಸ್‌ನಲ್ಲಿ ಕ್ಲ್ಯಾಶ್ ಅಂದರೆ ಹರಾಜು. ಇಬ್ಬರೂ ಎದುರಿನವನಿಗೆ ತೋರಿಸದೆ ತಮ್ಮ ಸೂಪರ್ ಮೀಟರ್ (ಆಡುತ್ತಾ ತುಂಬಿಕೊಳ್ಳುವ ಶಕ್ತಿ) ಪಣಕ್ಕಿಡುತ್ತಾರೆ. ಏಟು ತಿನ್ನುತ್ತಿದ್ದವನು ಗೆದ್ದರೆ ಅವನ ಆರೋಗ್ಯ ಸ್ವಲ್ಪ ವಾಪಸ್ ಬರುತ್ತದೆ, ಹೊಡೆಯುತ್ತಿದ್ದವನು ಗೆದ್ದರೆ ಪೆಟ್ಟು ಇನ್ನೂ ಜಾಸ್ತಿ.

ಫೈರ್‌ಬಾಲ್ ಮತ್ತು ಥ್ರೋ

ಫೈರ್‌ಬಾಲ್‌ಗೆ ಫೈರ್‌ಬಾಲ್ ಎದುರಾದರೆ ಲೆಕ್ಕ ಸುಲಭ. 1991ರ ಸ್ಟ್ರೀಟ್ ಫೈಟರ್ 2ರಿಂದಲೂ ರ್ಯೂನ ಹಡೋಕೆನ್, ಗೈಲ್‌ನ ಸಾನಿಕ್ ಬೂಮ್ ಮಧ್ಯದಲ್ಲಿ ಸಿಕ್ಕರೆ ಎರಡೂ ಮಾಯ. ಈಗ ಪ್ರತಿಯೊಂದಕ್ಕೂ ಎಷ್ಟು ಏಟಿನ ಶಕ್ತಿ ಇದೆ ಅಂತ ನೋಡಿದರೆ ಆಯಿತು. ಸ್ಟ್ರೀಟ್ ಫೈಟರ್ 6ರ ಸಾಮಾನ್ಯ ಹಡೋಕೆನ್ ಒಂದು ಏಟಿನದು, ಓವರ್‌ಡ್ರೈವ್ ಹಡೋಕೆನ್ ಎರಡು ಏಟಿನದು. ಡಿಕ್ಕಿಯಾದರೆ ಎರಡರಲ್ಲಿ ಒಂದು ಕಳೆದು, ಉಳಿದ ಒಂದು ಏಟು ಮುಂದೆ ಹೋಗಿ ಎದುರಾಳಿಗೆ ತಾಗುತ್ತದೆ. 2011ರ ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 3ರಲ್ಲಿ ಇದನ್ನು ಇನ್ನೂ ಬಿಗಿ ಮಾಡಿದ್ದಾರೆ, ಫೈರ್‌ಬಾಲ್‌ಗಳಿಗೆ ಲೋ, ಮೀಡಿಯಂ, ಹೈ ಅಂತ ದರ್ಜೆಯೂ ಬಾಳಿಕೆಯ ಅಂಕವೂ ಉಂಟು.

ಥ್ರೋಗೆ ಥ್ರೋ ಬಿದ್ದರೆ ಸಾಮಾನ್ಯವಾಗಿ ಇಬ್ಬರೂ ತಳ್ಳಿಕೊಂಡು ದೂರ ಆಗುತ್ತಾರೆ, ಯಾರಿಗೂ ನಷ್ಟವಿಲ್ಲ. ಥ್ರೋಗೂ ಸ್ಟಾರ್ಟಪ್ ಇದೆ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಸ್ಟ್ರೀಟ್ ಫೈಟರ್ 6ರಲ್ಲಿ ಅದು 5 ಫ್ರೇಮ್. 4 ಫ್ರೇಮಿನ ಪಂಚ್ ಒಟ್ಟಿಗೇ ಒತ್ತಿದ್ದರೆ ಪಂಚ್ ಗೆಲ್ಲುತ್ತದೆ. ಸ್ಟ್ರೀಟ್ ಫೈಟರ್ 4ರಲ್ಲಿ ಥ್ರೋ 3 ಫ್ರೇಮಿನದಿತ್ತು, ಅಲ್ಲಿ ಕಥೆಯೇ ಉಲ್ಟಾ.

ಟ್ರೇಡ್ ಆದರೆ ಸಮ ಅಂದುಕೊಳ್ಳಬೇಡಿ

ಇಬ್ಬರಿಗೂ ಏಟು ಬಿತ್ತು, ಸರಿ. ಆದರೆ ಹೆವಿ ಏಟು ತಿಂದವನು ಹೆಚ್ಚು ಹೊತ್ತು ತತ್ತರಿಸುತ್ತಾನೆ, ಲೈಟ್ ಏಟು ತಿಂದವನು ಬೇಗ ಸುಧಾರಿಸಿಕೊಳ್ಳುತ್ತಾನೆ. ಮುಂದಿನ ಸರದಿ ಯಾರದ್ದು ಅಂತ ಅಲ್ಲೇ ತೀರ್ಮಾನ. 2008ರಲ್ಲಿ ಆರ್ಕೇಡಿಗೆ ಬಂದ ಸ್ಟ್ರೀಟ್ ಫೈಟರ್ 4ರ ಮೊದಲ ಆವೃತ್ತಿಯಲ್ಲಿ ರ್ಯೂ ಮತ್ತು ಸಗಾಟ್ ಹಿಡಿದವರು ಇದನ್ನೇ ದುಡಿಸಿಕೊಂಡರು. ಅವರ ಅಪ್ಪರ್‌ಕಟ್ ಎದುರಾಳಿಯ ಏಟಿನೊಂದಿಗೆ ಟ್ರೇಡ್ ಆದರೆ ಎದುರಾಳಿ ಗಾಳಿಯಲ್ಲಿ ತೇಲುತ್ತಿರುತ್ತಿದ್ದ, ಇವರು ನೆಲದ ಮೇಲೆ ಆಗಲೇ ಬಿಡುಗಡೆಯಾಗಿ ಅಲ್ಟ್ರಾ ಅನ್ನುವ ಭಾರೀ ಏಟು ಬಿಡುತ್ತಿದ್ದರು. ಕ್ಲೀನಾಗಿ ಗೆದ್ದದ್ದಕ್ಕಿಂತ ಟ್ರೇಡ್ ಆದದ್ದರಲ್ಲೇ ಲಾಭ ಜಾಸ್ತಿ! ಎಂಥ ಅನ್ಯಾಯ ಅಲ್ವಾ. ಆಮೇಲಿನ ಆವೃತ್ತಿಗಳಲ್ಲಿ ಅದಕ್ಕೆ ಕತ್ತರಿ ಬಿತ್ತು.

ಆರೋಗ್ಯದ ಪಟ್ಟಿಯನ್ನೂ ನೋಡಿ. ನಿಮ್ಮದು ಅರ್ಧ ಇದೆ, ಅವನದು ಒಂದು ಚಿಟಿಕೆ ಉಳಿದಿದೆ ಅಂದರೆ ಟ್ರೇಡ್ ನಿಮ್ಮ ಗೆಲುವು. ಉಲ್ಟಾ ಆಗಿದ್ದರೆ ಬ್ಲಾಕ್ ಹಿಡಿದು ಕೂರಿ.

ನಿಮ್ಮ ಆಟದ ನಿಯಮ ನೀವೇ ಪರೀಕ್ಷಿಸುವುದು

ಸ್ಟ್ರೀಟ್ ಫೈಟರ್ 6 ಇದ್ದರೆ ಟ್ರೇನಿಂಗ್ ಮೋಡ್‌ಗೆ ಹೋಗಿ ಫ್ರೇಮ್ ಮೀಟರ್ ಹಾಕಿಕೊಳ್ಳಿ. ಪರದೆ ಮೇಲೆ ಇಬ್ಬರದ್ದೂ ಒಂದೊಂದು ಪಟ್ಟಿ ಬರುತ್ತದೆ, ಹಸಿರು ಸ್ಟಾರ್ಟಪ್, ಕೆಂಪು ಆ್ಯಕ್ಟಿವ್, ನೀಲಿ ರಿಕವರಿ. ಎರಡನೇ ಕಂಟ್ರೋಲರ್ ಗೆಳೆಯನಿಗೆ ಕೊಡಿ, ಇಲ್ಲವೇ ಎರಡನ್ನೂ ತೊಡೆ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಿ. ಪಕ್ಕಾ ಒಂದೇ ಫ್ರೇಮ್ ಆಗುವುದಿಲ್ಲ, ಚಿಂತೆ ಇಲ್ಲ, ಮೀಟರ್ ನೋಡಿದರೆ ಎಷ್ಟು ಆಚೀಚೆ ಆಯಿತು ಅಂತ ಗೊತ್ತಾಗುತ್ತದೆ. ಇನ್ನೂ ನಿಖರ ಬೇಕಾದರೆ ಡಮ್ಮಿಗೆ (ಟ್ರೇನಿಂಗ್ ಮೋಡ್‌ನಲ್ಲಿ ಆಟವೇ ಆಡಿಸುವ ಎದುರಾಳಿ) "ಬ್ಲಾಕ್ ಆದ ತಕ್ಷಣ 4 ಫ್ರೇಮಿನ ಪಂಚ್" ಅಂತ ಹೇಳಿಕೊಡಿ. ಬ್ಲಾಕ್ ಮೇಲೆ ಪ್ಲಸ್ 2 ಸಿಗುವ ಏಟು ಹೊಡೆದು, ಹಿಂದೆಯೇ 6 ಫ್ರೇಮಿನ ಏಟು ಬಿಡಿ. ನಿಮ್ಮ ಬಟನ್ ತಡವಾಗದಿದ್ದರೆ ಎರಡೂ ಒಂದೇ ಫ್ರೇಮಿಗೆ ಬಂದು ನಿಲ್ಲುತ್ತವೆ. ಈಗ ಬೇರೆ ಬೇರೆ ತೂಕದ ಏಟುಗಳಲ್ಲಿ ಮಾಡಿ ನೋಡಿ.

ಹೊಸ ಆಟ, ದುಬಾರಿ ಕಂಪ್ಯೂಟರ್ ಇಲ್ಲ ಅಂದರೂ ಪರವಾಗಿಲ್ಲ. ನಿಜ ಹೇಳಬೇಕೆಂದರೆ ಇದನ್ನು ಕಲಿಯಲು ಹಳೇ ಮ್ಯೂಗನ್‌ನಷ್ಟು (MUGEN, ನಾವೇ ಫೈಟಿಂಗ್ ಗೇಮ್ ಕಟ್ಟಿಕೊಳ್ಳುವ ಸಾಫ್ಟ್‌ವೇರ್) ಒಳ್ಳೆ ಜಾಗ ಇನ್ನೊಂದಿಲ್ಲ. ಎಲೆಕ್‌ಬೈಟ್‌ನವರು 1999ರಲ್ಲಿ ಬಿಟ್ಟದ್ದು, ಯಾವ ಹಳೇ ಡಬ್ಬಾ ಕಂಪ್ಯೂಟರಿನಲ್ಲೂ ಓಡುತ್ತದೆ. ಕುಂಗ್ ಫು ಮ್ಯಾನ್ ಅನ್ನುವ ಪಾತ್ರ ಜೊತೆಗೇ ಬರುತ್ತದೆ. ಇಬ್ಬರೂ ಅವನನ್ನೇ ತಗೊಳ್ಳಿ. ಆಟ ಶುರುವಾದ ಮೇಲೆ ಕಂಟ್ರೋಲ್ ಹಿಡಿದು ಸಿ ಒತ್ತಿ. ಡಬ್ಬಿಗಳು ಎದುರಿಗೇ ಬರುತ್ತವೆ. ಕೆಂಪು ಹೊಡೆಯುವ ಡಬ್ಬಿ, ನೀಲಿ ಏಟು ತಿನ್ನುವ ಡಬ್ಬಿ. ಆಮೇಲೆ ಕೀಬೋರ್ಡಿನ ಪಾಸ್ (Pause) ಕೀ ಒತ್ತಿ ಆಟ ನಿಲ್ಲಿಸಿ, ಸ್ಕ್ರೋಲ್ ಲಾಕ್ ಒತ್ತಿದ ಹಾಗೆಲ್ಲ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಪಂಚ್ ಬಿಟ್ಟು ನಿಲ್ಲಿಸಿ ನೋಡಿ: ಕೈ ಅರ್ಧ ಚಾಚಿದ್ದರೂ ಕೆಂಪು ಡಬ್ಬಿ ಇನ್ನೂ ಹುಟ್ಟಿಲ್ಲ. ಇನ್ನೊಂದು ಸಲ ಸ್ಕ್ರೋಲ್ ಲಾಕ್. ಈಗ ಮುಷ್ಟಿಯ ಮುಂದೆ ಕೆಂಪು ಚೌಕ ಬಂತು. ಒಂದೆರಡು ಒತ್ತಿಗೆ ಕೆಂಪು ಹೋಯಿತು, ಕೈ ಮಾತ್ರ ಅಲ್ಲೇ ಇದೆ. ಕೈ ಕಾಣುತ್ತಿದ್ದೂ ಏಟಿಲ್ಲದ ಆ ಹೊತ್ತನ್ನು ಒಮ್ಮೆ ಕಣ್ಣಾರೆ ನೋಡಿದರೆ ಸಾಕು, "ನನ್ನ ಕೈ ಅವನ ಮೈ ಮೇಲೇ ಇತ್ತು" ಅನ್ನುವ ವಾದ ಮತ್ತೆ ಎತ್ತುವುದಿಲ್ಲ.

ಮುಂದೆ ಇನ್ನೂ ಮಜಾ ಇದೆ. ಪಾತ್ರದ ಫೋಲ್ಡರಿನಲ್ಲಿ ಸಿಎನ್‌ಎಸ್ (.cns) ಫೈಲ್ ಇರುತ್ತದೆ, ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಪ್ರತಿ ಏಟಿನ ಹಿಟ್‌ಡೆಫ್ (HitDef) ಅಡಿಯಲ್ಲಿ ಪ್ರಯಾರಿಟಿ (priority) ಅಂತ ಒಂದು ಸಾಲು ಸಿಗುತ್ತದೆ. 1ರಿಂದ 7ರವರೆಗೆ ಅಂಕ, ಏನೂ ಬರೆಯದಿದ್ದರೆ 4. ಜೊತೆಗೆ ಹಿಟ್, ಮಿಸ್, ಡಾಡ್ಜ್ ಇವುಗಳಲ್ಲಿ ಒಂದು ಪದ. ಎರಡು ಏಟು ಒಟ್ಟಿಗೆ ತಾಗಿದರೆ ದೊಡ್ಡ ಅಂಕದ್ದು ಗೆಲ್ಲುತ್ತದೆ. ಅಂಕ ಸಮ ಇದ್ದು ಎರಡೂ ಹಿಟ್ ಆದರೆ ಟ್ರೇಡ್. ಒಂದು ಹಿಟ್, ಇನ್ನೊಂದು ಮಿಸ್ ಆದರೆ ಹಿಟ್‌ನದೇ ಬೀಳುತ್ತದೆ. ಒಂದು ಕಡೆ ಡಾಡ್ಜ್ ಇದ್ದರೆ ಯಾರಿಗೂ ತಾಗುವುದಿಲ್ಲ. ಫೈಲಿನ ನಕಲು ಇಟ್ಟುಕೊಂಡು ಅಂಕ ಬದಲಾಯಿಸಿ ಆಡಿ. ಲೈಟ್ ಪಂಚಿಗೆ 7 ಕೊಟ್ಟು ನೋಡಿ, ಆಟದ ರುಚಿಯೇ ಬದಲಾಗುತ್ತದೆ. ಸ್ಟ್ರೀಟ್ ಫೈಟರ್ 5ರ ನಿಯಮ ಬೇಕಾದರೆ ಹೆವಿಗೆ 5, ಮೀಡಿಯಂಗೆ 4, ಲೈಟಿಗೆ 3 ಕೊಡಿ, ಹೆಚ್ಚೂಕಡಿಮೆ ಅದೇ ಆಯಿತು.

ಸ್ಕಲ್‌ಗರ್ಲ್ಸ್ ಇದ್ದರೆ ಅದರ ಟ್ರೇನಿಂಗ್ ಮೋಡಿನಲ್ಲೂ ಡಬ್ಬಿ ತೋರಿಸುವ ಆಯ್ಕೆ ಇದೆ. ನಮ್ಮ ಊರಿನಲ್ಲಿ ಇನ್ನೂ ಟೆಕ್ಕನ್ 3 ಬಿಡದವರು ಬಹಳ ಮಂದಿ ಇದ್ದಾರೆ, ಎಡ್ಡಿ ಹಿಡಿದು ಬರೀ ಕಿಕ್ ಬಡಿಯುವ ಪುಣ್ಯಾತ್ಮರು. ಅವರು ಹಳೇ ಆಟ ಓಡಿಸುವ ರೆಟ್ರೋಆರ್ಕ್ (RetroArch) ಸಾಫ್ಟ್‌ವೇರಿನಲ್ಲಿ ಆಡಿದರೆ ಪಿ ಒತ್ತಿ ನಿಲ್ಲಿಸಿ, ಕೆ ಒತ್ತಿ ಒಂದೊಂದು ಫ್ರೇಮ್ ಮುಂದೆ ಹೋಗಬಹುದು. ಡಬ್ಬಿ ಕಾಣುವುದಿಲ್ಲ, ಆದರೆ ಏಟಿನ ಮಿಂಚು ಯಾರ ಮೈಮೇಲೆ ಮೊದಲು ಬಂತು ಅಂತ ಕಾಣುತ್ತದೆ, ಜಗಳಕ್ಕೆ ಅಷ್ಟು ಸಾಕು.

ಆಟದ ಹೊರಗಿನ ಕಾರಣಗಳು

ಲೆಕ್ಕ ಎಲ್ಲ ಸರಿ ಇದ್ದೂ ಏಟು ಬೀಳುತ್ತಿಲ್ಲ ಅಂದರೆ ಕೈಯಲ್ಲಿರುವ ಸಾಮಾನು ನೋಡಿ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ. ಟಿವಿ ತಡ ಮಾಡಿದರೆ ಇಬ್ಬರಿಗೂ ಒಂದೇ ತಡ, ಮೋಸ ಇಲ್ಲ. ಆದರೆ ಒಬ್ಬನದು ವೈರಿನ ಕಂಟ್ರೋಲರ್, ಇನ್ನೊಬ್ಬನದು ಬ್ಲೂಟೂತ್ ಆದರೆ ಇಬ್ಬರ ತಡವೂ ಬೇರೆ ಬೇರೆ ಆಗಬಹುದು, ಒಂದೆರಡು ಫ್ರೇಮಿನ ಆಟದಲ್ಲಿ ಅದು ದೊಡ್ಡದೇ. ಪಣ ಇಟ್ಟು ಆಡುವಾಗ ಇಬ್ಬರೂ ಒಂದೇ ಬಗೆಯದು ಹಿಡಿಯಿರಿ, ಇಲ್ಲವೇ ಪ್ರತಿ ಆಟಕ್ಕೂ ಅದಲು ಬದಲು ಮಾಡಿ. ಮಿರ್ಚಿ ತಿಂದ ಎಣ್ಣೆಗೈಯಲ್ಲಂತೂ ಕಂಟ್ರೋಲರ್ ಮುಟ್ಟಬೇಡಿ. ಬಟನ್ ಸಂದಿಗೆ ಎಣ್ಣೆ, ಮಂಡಕ್ಕಿ ಪುಡಿ ಸೇರಿದರೆ ಅದು ಒತ್ತಿದ್ದೂ ಗೊತ್ತಾಗಲ್ಲ, ಬಿಟ್ಟದ್ದೂ ಗೊತ್ತಾಗಲ್ಲ.

ಆನ್‌ಲೈನ್ ಆಟದಲ್ಲಿ ಇನ್ನೊಂದು ವಿಚಿತ್ರ ಇದೆ. ಈಗಿನ ಆಟಗಳಲ್ಲಿ ರೋಲ್‌ಬ್ಯಾಕ್ ಅನ್ನುವ ವ್ಯವಸ್ಥೆ ಇರುತ್ತದೆ. ದಾವಣಗೆರೆಯಲ್ಲಿ ನೀವು, ದೂರದ ಊರಿನಲ್ಲಿ ಅವನು. ಅವನ ಬಟನ್ ಸುದ್ದಿ ಬರುವವರೆಗೆ ನಿಮ್ಮ ಆಟ ಅವನು ಏನು ಮಾಡಿರಬಹುದು ಅಂತ ಊಹೆ ಮಾಡಿ ಮುಂದೆ ಓಡುತ್ತದೆ. ಸುದ್ದಿ ಬಂದಾಗ ಊಹೆ ತಪ್ಪಾಗಿದ್ದರೆ ಕೆಲವು ಫ್ರೇಮ್ ಹಿಂದೆ ಹೋಗಿ ಸರಿಯಾದದ್ದನ್ನು ಹಾಕಿ ಮತ್ತೆ ಓಡಿಸುತ್ತದೆ. ಹಾಗಾಗಿ ನಿಮ್ಮ ಪರದೆಯಲ್ಲಿ ಏಟು ಬಿದ್ದಂತೆ ಒಂದು ಚೂರು ಕಂಡು, ಮರುಕ್ಷಣ ಬಿದ್ದವರು ನೀವೇ ಆಗಿರಬಹುದು. ಅವನು ಮೋಸ ಮಾಡಿಲ್ಲ, ಅವನ ಏಟು ಮೊದಲೇ ತಾಗಿತ್ತು, ನಿಮಗೆ ಸುದ್ದಿ ತಡವಾಗಿ ಬಂತು ಅಷ್ಟೇ. ಹೀಗೆ ಪದೇ ಪದೇ ಆಗುತ್ತಿದ್ದರೆ ವೈಫೈ ಬಿಟ್ಟು ಲ್ಯಾನ್ ಕೇಬಲ್ ಚುಚ್ಚಿ. ಇಂಥ ಆಟದ ರಿಪ್ಲೇ ಉಳಿಸಿಕೊಂಡು ನೋಡಿ, ಅದರಲ್ಲಿ ಊಹೆಯ ಫ್ರೇಮ್‌ಗಳು ಇರುವುದಿಲ್ಲ, ನಿಜವಾಗಿ ತಾಗಿದ್ದು ಮಾತ್ರ ಇರುತ್ತದೆ.

ಪರೀಕ್ಷೆಗೆ ಒಂದು ಕೆಲಸ ನಿಮಗೇ ಬಿಟ್ಟಿದ್ದೇನೆ. ಥ್ರೋ ಮತ್ತು ಪಂಚ್ ಒಂದೇ ಫ್ರೇಮಿನಲ್ಲಿ ತಾಗಿದರೆ ಏನಾಗುತ್ತದೆ ಅನ್ನುವುದು ಆಟದಿಂದ ಆಟಕ್ಕೆ ಬೇರೆ. ಸ್ಟ್ರೀಟ್ ಫೈಟರ್ 6 ಆದರೆ ಥ್ರೋ 5 ಫ್ರೇಮಿನದು, ಹಾಗಾಗಿ ಡಮ್ಮಿಗೆ 4 ಫ್ರೇಮಿನ ಪಂಚ್ ಕೊಟ್ಟು ನಿಮ್ಮ ಥ್ರೋ ಒಂದು ಫ್ರೇಮ್ ಮೊದಲು ಶುರುವಾಗುವ ಹಾಗೆ ಮಾಡಬೇಕು. ಬ್ಲಾಕ್ ಆದ ತಕ್ಷಣ ಥ್ರೋ ಹತ್ತುವುದಿಲ್ಲ, ಆದ್ದರಿಂದ ಮೇಲೆ ಹೇಳಿದ ಪ್ಲಸ್ 2ರ ಉಪಾಯ ಇಲ್ಲಿ ಕೆಲಸಕ್ಕೆ ಬರಲ್ಲ. ಎರಡು ಕಂಟ್ರೋಲರ್, ಫ್ರೇಮ್ ಮೀಟರ್, ಸ್ವಲ್ಪ ತಾಳ್ಮೆ, ಇಷ್ಟು ಬೇಕು.